ಏಳನೇ ಫಲಕದ ಕೈ

ಹನ್ನೆರಡೂ ಫಲಕಗಳನ್ನು ಗೋಡೆಗೆ ಹಾಕಿ ಮುಗಿಸಿದ ಮೇಲೆ ಅವನಿಗೆ ಮೊದಲು ಹೊಳೆದದ್ದು, ಈ ಊರಿನಲ್ಲಿ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಒಬ್ಬನೇ ಒಬ್ಬ ಕುಡುಕನೂ ಹುಟ್ಟಿಲ್ಲ ಎಂಬುದು. ಹನ್ನೆರಡು ಮನೆತನ, ಹನ್ನೆರಡು ವಂಶವೃಕ್ಷ, ಮುನ್ನೂರ ಎಂಬತ್ತು ಹೆಸರು. ಎಲ್ಲರೂ ದಾನಿಗಳು, ಶಿಸ್ತಿನವರು, ಪರೋಪಕಾರಿಗಳು. ಹೆಂಡತಿಗೆ ಹೊಡೆದವರಿಲ್ಲ, ಪರೀಕ್ಷೆಯಲ್ಲಿ ನಪಾಸಾದವರಿಲ್ಲ, ಮೈಗಳ್ಳರಂತೂ ಇಲ್ಲವೇ ಇಲ್ಲ. ಹಾಗಾದರೆ ಊರಿನ ಪೊಲೀಸ್ ಠಾಣೆ ಇಷ್ಟು ವರ್ಷ ಯಾರನ್ನು ನಂಬಿಕೊಂಡು ಬದುಕಿತು ಎಂದು ಅವನು ಏಣಿಯ ಮೇಲೆ ನಿಂತೇ ಯೋಚಿಸಿದ. ಫೋಟೋಗಳಲ್ಲಿ ಆ ಮಹನೀಯರೆಲ್ಲ ಹಲ್ಲು ಕೀಳಿಸಿಕೊಳ್ಳಲು ಸರದಿ ಕಾಯುತ್ತಿರುವವರಂತೆ ಕುಳಿತು ಅವನನ್ನೇ ನೋಡುತ್ತಿದ್ದರು.

ಹೆಸರುಗಳನ್ನೆಲ್ಲ ಬರೆದವನು ಅವನೇ. ಸಾರ್ವಜನಿಕ ಗ್ರಂಥಾಲಯದಲ್ಲಿ ಇಪ್ಪತ್ತೇಳು ವರ್ಷದಿಂದ ಸಹಾಯಕನಾಗಿದ್ದ ಅವನ ಬಗ್ಗೆ ಊರಿಗೆ ಗೊತ್ತಿದ್ದದ್ದು ಒಂದೇ ವಿಷಯ: ಅಕ್ಷರ ದುಂಡಗಿದೆ. ‘ಸದ್ದು ಮಾಡಬೇಡಿ’, ‘ಪುಟ ಹರಿಯಬೇಡಿ’, ‘ನಲ್ಲಿ ನಿಲ್ಲಿಸಿ’ ಎಂಬ ಅವನ ಕೃತಿಗಳು ಕಟ್ಟಡದ ತುಂಬ ಇದ್ದವು. ಅವುಗಳನ್ನು ಓದದವರಿರಲಿಲ್ಲ, ಪಾಲಿಸಿದವರೂ ಇರಲಿಲ್ಲ. ‘ನಮ್ಮೂರು, ನಮ್ಮ ಬೇರು’ ಎಂಬ ಪ್ರದರ್ಶನದ ಯೋಚನೆ ಗ್ರಂಥಪಾಲಕಿಯದು. ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳಾದ ಆಕೆಯನ್ನು ಅವನು ಮೇಡಂ ಎನ್ನುತ್ತಿದ್ದ. ಉದ್ಘಾಟನೆಗೆ ನಾಲ್ಕು ದಿನವಿರುವಾಗ ಬೇಕರಿ ಮನೆತನದ ಅಣ್ಣತಮ್ಮಂದಿರು, ತಂದೆಯ ಎಡಕ್ಕೆ ಯಾರ ಹೆಸರು ಬಲಕ್ಕೆ ಯಾರ ಹೆಸರು ಎಂದು ಜಗಳವಾಡಿ, ತಾತನ ಲಟ್ಟಣಿಗೆ ಸಮೇತ ಫಲಕವನ್ನು ವಾಪಸು ಹೊತ್ತುಕೊಂಡು ಹೋದರು. ಏಳನೆಯ ಜಾಗ ಖಾಲಿಯಾಯಿತು.

“ಹಾಗೇ ಬಿಟ್ರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ,” ಎಂದಳು ಮೇಡಂ. “ನಿಮ್ಮದೇ ಹಾಕ್ಬಿಡಿ.”

“ನಮ್ಮದಾ ಮೇಡಂ?”

“ಯಾಕೆ, ನಿಮಗೂ ತಾತ ಮುತ್ತಾತ ಇದ್ರು ತಾನೇ?”

ಆ ಮಾತಿಗೆ ನೋಯಬೇಕಾಗಿತ್ತು. ಆದರೆ ಅವನಿಗೆ ತಡೆಯಲಾರದಷ್ಟು ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ನಾಚಿಕೆಯಾದದ್ದು ಬಸ್ಸಿನಲ್ಲಿ, ಮನೆಗೆ ಹೋಗುವಾಗ. ರಾತ್ರಿಯೂಟಕ್ಕೂ ಮೊದಲೇ ಅಣ್ಣನಿಗೆ ಫೋನು ಮಾಡಿದ. ನೋಟರಿ ವಕೀಲನಾದ ಅಣ್ಣ ಆಡುವ ಪ್ರತಿ ಮಾತೂ ಕೆಳಗೆ ಸಹಿ ಇರುವಂತೆ ಕೇಳಿಸುತ್ತಿತ್ತು.

“ಒಳ್ಳೇದು. ಎಲ್ಲರನ್ನೂ ಹಾಕು. ಅವಳೊಬ್ಬಳು ಬೇಡ.”

“ಯಾರಣ್ಣ?”

“ಗೊತ್ತಿದ್ದೂ ಕೇಳ್ಬೇಡ.”

“ಅಪ್ಪನ ಸ್ವಂತ ಅಕ್ಕ ಅಲ್ವಾ ಅಣ್ಣ...”

“ಅಪ್ಪನೇ ಬಿಟ್ಟಿದ್ದನ್ನ ನಾವ್ಯಾಕೆ ಎತ್ಕೊಳ್ಳೋಣ? ಎಣ್ಣೆ ಗಿರಣಿಯವರ ಮನೆಯಿಂದ ನನ್ನ ಮಗಳನ್ನ ಕೇಳಿದಾರೆ, ಮಾತು ಇನ್ನೂ ಹಣ್ಣಾಗಿಲ್ಲ. ಅವತ್ತು ಮುಖ್ಯ ಅತಿಥಿ ಆ ಮನೆ ಯಜಮಾನರೇ. ಅವರು ಗೋಡೆ ನೋಡ್ತಾರೆ.”

“ಆಯ್ತಣ್ಣ” ಎನ್ನಲು ತನಗೆ ಎಷ್ಟು ಹೊತ್ತು ಹಿಡಿಯಿತು ಎಂದು ಆಮೇಲೆ ಅವನು ಬಹಳ ಸಲ ಅಳೆದು ನೋಡಿದ. ಎಷ್ಟು ಎಳೆದರೂ ಅದು ಮೂರು ಸೆಕೆಂಡಿಗಿಂತ ಉದ್ದವಾಗಲಿಲ್ಲ.

ಹೆಸರು ಬಿಡುವುದೇನೂ ಕಷ್ಟವಾಗಲಿಲ್ಲ, ಬರೆಯದಿದ್ದರಾಯಿತು. ತಾತನ ಕೆಳಗೆ ಮೂರು ಗೆರೆ ಎಳೆಯುವಲ್ಲಿ ಎರಡು ಎಳೆದ, ದೊಡ್ಡಪ್ಪನಿಗೊಂದು, ಅಪ್ಪನಿಗೊಂದು. ತಾತನ ಹೆಸರಿನ ಅಡಿಯಲ್ಲಿ ‘ಅಂಚೆ ಇಲಾಖೆಯಲ್ಲಿ ಸೇವೆ, ಸ್ವಯಂ ನಿವೃತ್ತಿ’ ಎಂದು ಬರೆದ. ತೊಂದರೆ ಕೊಟ್ಟದ್ದು ಫೋಟೋ. ಮನೆಯಲ್ಲಿದ್ದದ್ದು ಅದೊಂದೇ ಗುಂಪು ಫೋಟೋ: ಕುರ್ಚಿಯಲ್ಲಿ ತಾತ, ಅಜ್ಜಿ, ಹಿಂದೆ ದೊಡ್ಡಪ್ಪ, ಮುಂದೆ ಏಳು ವರ್ಷದ ಅಪ್ಪ, ಬಲಗಡೆಯ ಕೊನೆಯಲ್ಲಿ ಹದಿನಾರರ ಅತ್ತೆ. ಗುಂಪಿನಲ್ಲಿ ನಗುತ್ತಿದ್ದವಳು ಅವಳೊಬ್ಬಳೇ; ಅದಕ್ಕೇ ಸ್ವಲ್ಪ ಅಲುಗಾಡಿದ ಹಾಗೆ ಬಂದಿದ್ದಳು. ಅವನು ಫೋಟೋ ಕತ್ತರಿಸಲಿಲ್ಲ. ಸ್ಕೇಲು ಇಟ್ಟು ಹಿಂದಕ್ಕೆ ಮಡಚಿದ. ಮಡಚುವುದಕ್ಕೂ ಕತ್ತರಿಸುವುದಕ್ಕೂ ಬಹಳ ವ್ಯತ್ಯಾಸವಿದೆ ಎಂದು ತನಗೆ ತಾನೇ ಹೇಳಿಕೊಂಡು ಅಂಟು ಹಚ್ಚಿದ. ಬೋರ್ಡಿಗೆ ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದಾಗಲೇ ಕಂಡದ್ದು, ಅಪ್ಪನ ಪುಟ್ಟ ಹೆಗಲ ಮೇಲೆ ಒಂದು ಕೈ ಉಳಿದುಬಿಟ್ಟಿದೆ. ಮಣಿಕಟ್ಟಿನವರೆಗೆ ಮಾತ್ರ. ಅದರ ಒಡತಿ ಮಡಿಕೆಯ ಆಚೆಗಿದ್ದಳು.

ಅತ್ತೆ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ಅಷ್ಟೇ ಆಗಿದ್ದರೆ ಮನೆಯವರು ಹೇಗೋ ನುಂಗಿಕೊಳ್ಳುತ್ತಿದ್ದರೋ ಏನೋ. ಅವಳು ಅಲ್ಲಿನ ಪ್ರೊಜೆಕ್ಟರ್ ಆಪರೇಟರ್ ಜೊತೆ ಟಾಕೀಸಿನ ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದಳು. ಆತನಿಗೆ ಬೇರೆ ಊರಿನಲ್ಲಿ ಬಿಟ್ಟುಹೋದ ಹೆಂಡತಿಯಿದ್ದಳು, ಹಾಗಾಗಿ ಮದುವೆ ಎಂಬುದು ಆಗಲಿಲ್ಲ. ಅಪ್ಪ ಅಂದಿನಿಂದ ‘ನನಗೆ ಅಕ್ಕ ಇಲ್ಲ’ ಎಂದು ಕೇಳದವರಿಗೂ ಹೇಳುತ್ತಿದ್ದರು. ಆದರೆ ಅಮ್ಮ ಎದೆಯ ಕಾಯಿಲೆಯಿಂದ ದೂರದ ಆಸ್ಪತ್ರೆ ಸೇರಿ ನಾಲ್ಕು ವರ್ಷ ಅಲ್ಲೇ ಉಳಿದಾಗ, ಹತ್ತು ವರ್ಷದ ಅಣ್ಣನನ್ನು ಹಾಸ್ಟೆಲಿಗೂ ಐದು ವರ್ಷದ ಅವನನ್ನು ಆ ಇಲ್ಲದ ಅಕ್ಕನ ಮನೆಗೂ ಬಿಟ್ಟು ಅಪ್ಪ ತಮ್ಮ ಪ್ರವಾಸದ ಕೆಲಸಕ್ಕೆ ಹೋದರು. ಗೋಡೆಯಾಚೆ ದಿನಾ ಮೂರು ಸಲ ಅದೇ ನಾಯಕಿ ಅದೇ ಮಾತಾಡಿ ಅಳುತ್ತಿದ್ದಳು. ಅತ್ತೆ ಒಲೆಯ ಮುಂದೆ ಕುಳಿತು ಅವಳಿಗಿಂತ ಮೊದಲೇ ಆ ಮಾತು ಹೇಳಿ, “ಅಳೇ ತಾಯಿ, ಅಳು, ಬಾಲ್ಕನಿಯವರು ಕಾಯ್ತಿದಾರೆ,” ಎನ್ನುತ್ತಿದ್ದಳು. ಅವನು ಅಕ್ಷರ ಕಲಿತದ್ದು ಹರಿದ ಟಿಕೆಟ್ ಪುಸ್ತಕಗಳಿಂದ. ಆಪರೇಟರ್ ಮಾಮ ಅವನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ, ದಾರಿಯುದ್ದಕ್ಕೂ ಮೈಯಿಂದ ಪ್ರೊಜೆಕ್ಟರಿನ ಸುಟ್ಟ ಕಾರ್ಬನ್ ಕಡ್ಡಿಯ ವಾಸನೆ. ಅಮ್ಮ ಗುಣವಾಗಿ ಬಂದ ದಿನ ಅಪ್ಪ ಅವನನ್ನು ಕರೆದುಕೊಂಡು ಹೋದರು. ಹೊಸಲಿನಾಚೆಯೇ ನಿಂತಿದ್ದರು, ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಅತ್ತೆಯ ಬಗ್ಗೆ ಆಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಅವನೂ ಆಡಲಿಲ್ಲ, ಮತ್ತು ಆಡದಿರುವುದು ಎಷ್ಟು ಸುಲಭ ಎಂದು ಒಂಬತ್ತನೆಯ ವಯಸ್ಸಿಗೇ ಅವನಿಗೆ ತಿಳಿಯಿತು.

ಹದಿನಾಲ್ಕರಲ್ಲಿ ಒಮ್ಮೆ ಗೆಳೆಯರ ಜೊತೆ ಆ ಟಾಕೀಸಿಗೆ ಹೋಗಿದ್ದ. ಟಿಕೆಟ್ ತರುವ ಸರದಿ ಅವನದೇ ಆಗಿಬಿಟ್ಟಿತು. ಕಿಂಡಿ ಎಷ್ಟು ಚಿಕ್ಕದೆಂದರೆ ಕೈ ಮಾತ್ರ ಹೋಗುತ್ತಿತ್ತು. ಒಳಗಿನವರಿಗೆ ಹೊರಗಿನ ಮುಖ ಕಾಣದು, ಹೊರಗಿನವರಿಗೆ ಒಳಗಿನದು ಕಾಣದು. ಅವನು ಉಸಿರು ಬಿಗಿಹಿಡಿದು, ಸ್ವರ ಬದಲಾಯಿಸಿ, “ನಾಲ್ಕು” ಎಂದ. ಟಿಕೆಟ್ಟಿನ ಜೊತೆ ಅವನು ಕೊಟ್ಟ ನಾಣ್ಯಗಳೂ ವಾಪಸು ಬಂದವು. ಅತ್ತೆ ಲೆಕ್ಕ ತಪ್ಪಿದಳು ಎಂದುಕೊಂಡು, ಯಾರಿಗೂ ಹೇಳದೆ ಜೇಬಿಗಿಳಿಸಿ, ಇಂಟರ್‌ವಲ್ಲಿನಲ್ಲಿ ಐಸ್‌ಕ್ಯಾಂಡಿ ತಿಂದಿದ್ದ. ಹನ್ನೊಂದು ವರ್ಷದ ಕೆಳಗೆ ಮಾಮ ಸತ್ತಾಗ, ಎದುರಿನ ಔಷಧಿ ಅಂಗಡಿಯಲ್ಲಿ ಬೇಡದ ತಲೆನೋವಿನ ಮಾತ್ರೆ ಕೊಳ್ಳುತ್ತ ನಿಂತು, ಹೆಣ ಹೊರಟದ್ದನ್ನು ನೋಡಿ ಬಂದಿದ್ದ. ಅದೂ ಮಣ್ಣಿಗೆ ಹೋದ ಹಾಗೆಯೇ ಎಂದು ಲೆಕ್ಕ ಹಿಡಿದಿದ್ದ.

ಉದ್ಘಾಟನೆ ಹತ್ತೂವರೆಗೆ. ಎಣ್ಣೆ ಗಿರಣಿಯ ಯಜಮಾನರು ರಿಬ್ಬನ್ ಕತ್ತರಿಸಿ, ಬೇರಿಲ್ಲದ ಮರವಿಲ್ಲ ಎಂಬುದನ್ನು ನಲವತ್ತು ನಿಮಿಷ ವಿವರಿಸಿದರು. ಅಣ್ಣ ಇಸ್ತ್ರಿ ಮಾಡಿದ ಕೋಟಿನಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ಯಜಮಾನರು ಕೆಮ್ಮಿದ ಕಡೆಯೂ ತಲೆಯಾಡಿಸಿದ. ಭಾಷಣ ಮುಗಿದು ಜನ ಗೋಡೆಯ ಕಡೆ ತಿರುಗಿದ್ದರು, ಬಾಗಿಲಿನಿಂದ ಒಂದು ದನಿ ಕೇಳಿಸಿತು.

“ಏನ್ರಪ್ಪಾ, ಸತ್ತವರೆಲ್ಲ ಗೋಡೆ ಮೇಲೆ ಆರಾಮಾಗಿ ಕೂತಿದಾರೆ, ಬದುಕಿರೋರಿಗೆ ಒಂದು ಕುರ್ಚಿ ಇಲ್ವಾ?”

ಅತ್ತೆ. ಎಂಬತ್ತಾರು ವರ್ಷ. ಕೈಯಲ್ಲಿ ಒಂದು ಕೋಲು, ಇನ್ನೊಂದರಲ್ಲಿ ಮಡಚಿದ ದಿನಪತ್ರಿಕೆ. ಅವನು ಪುಸ್ತಕದ ಕಪಾಟಿನ ಹಿಂದೆ ಸರಿಯುವಷ್ಟರಲ್ಲಿ ಅವಳ ಕನ್ನಡಕ ಅವನ ಮೇಲೆ ಬಿದ್ದಿತ್ತು.

“ನೀನಾ! ದಪ್ಪ ಆಗಿದೀಯ. ಪೇಪರಲ್ಲಿ ‘ಊರಿನ ಎಲ್ಲರಿಗೂ ಸ್ವಾಗತ’ ಅಂತ ಇತ್ತು. ಎಲ್ಲರಲ್ಲಿ ನಾನೂ ಬರ್ತೀನೇನೋ ಅಂತ ಬಂದೆ.”

“ಬಾ ಅತ್ತೆ,” ಎಂದ. ಅಣ್ಣನಿಗೆ ಕೇಳಿಸದಷ್ಟು ಮೆಲ್ಲಗೆ, ಆದರೆ ಹೇಳಿದೆನೆಂದು ಮುಂದೆ ನೆನೆಯಬಹುದಾದಷ್ಟು ಗಟ್ಟಿಯಾಗಿ.

ಮೇಡಂ ಕುರ್ಚಿ ಹಾಕಿಸಿದಳು. ಅತ್ತೆ ಕೂರಲಿಲ್ಲ, ಮೊದಲ ಫಲಕದಿಂದ ಶುರುಮಾಡಿ ಗಟ್ಟಿಯಾಗಿ ಓದುತ್ತ ಬಂದಳು. ಮೂರನೆಯದರ ಮುಂದೆ ನಿಂತು ಗಡಿಯಾರದಂಗಡಿಯ ಹಿರಿಯರ ಫೋಟೋಗೆ ಕೋಲು ತೋರಿಸಿದಳು. “ಸಮಯಪಾಲನೆಗೆ ಹೆಸರಾದವರಂತೆ! ಇವನು ಯಾವತ್ತೂ ಇಂಟರ್‌ವಲ್ ಆದ್ಮೇಲೇ ಬರ್ತಿದ್ದದ್ದು. ಅರ್ಧ ಸಿನಿಮಾಕ್ಕೆ ಅರ್ಧ ಟಿಕೆಟ್ ಕೊಡು ಅಂತ ಜಗಳ.” ಗಡಿಯಾರದ ಮನೆಯ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು, “ನಮ್ಮ ಮನೇಲಿ ಈಗ್ಲೂ ಎಲ್ರೂ ಹಾಗೇ ಅಜ್ಜಿ,” ಎಂದಳು. ಔಷಧಿ ಅಂಗಡಿಯ ‘ಗಂಭೀರ ಸ್ವಭಾವದ’ ಸ್ಥಾಪಕರು ಅಳುವ ಸಿನಿಮಾಗಳಿಗೆ ಮಾತ್ರ ಬರುತ್ತಿದ್ದರೆಂದೂ, ಹೊರಗೆ ಬರುವಾಗ ಎರಡು ಕರವಸ್ತ್ರ ಹಿಂಡುವಂತಿರುತ್ತಿತ್ತೆಂದೂ ಗೊತ್ತಾಯಿತು. ಜನ ಗೋಡೆ ಬಿಟ್ಟು ಅತ್ತೆಯ ಸುತ್ತ ಸೇರಿದರು. ಯಾರೋ ಕೇಳಿದರು, “ಅಜ್ಜಿ, ಇಷ್ಟು ವರ್ಷದ ಮೇಲೆ ಮುಖ ಎಲ್ಲ ಹೇಗೆ ನೆನಪಿದೆ?”

“ಮುಖ ಯಾರು ನೋಡಿದ್ರು? ನನಗೆ ಕಿಂಡೀಲಿ ಕಾಣ್ತಿದ್ದದ್ದು ಕೈ. ನಲವತ್ತು ವರ್ಷ ಬರೀ ಕೈ. ಉಂಗುರ, ಉಗುರು, ನಡುಕ. ಒಂದು ಸಲ ನೋಡಿದ ಕೈ ಮರೆತಿಲ್ಲ. ಯಾರ ಮನೇದು ಅಂತ ಆಮೇಲೆ ಸಂತೇಲಿ ತಕ್ಕಡಿ ಹಿಡಿದಾಗ ತಿಳ್ಕೋತಿದ್ದೆ.”

ಗುಂಪಿನ ಹಿಂದೆ ನಿಂತಿದ್ದ ಅವನು ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಹಾಗಾದರೆ ಅವಳು ಲೆಕ್ಕ ತಪ್ಪಿರಲಿಲ್ಲ. ಸ್ವರ ಬದಲಾಯಿಸಿ “ನಾಲ್ಕು” ಎಂದ ಆ ಹುಡುಗನ ಬೆರಳುಗಳನ್ನು, ತಾನೇ ನಾಲ್ಕು ವರ್ಷ ಉಗುರು ತೆಗೆದ ಬೆರಳುಗಳನ್ನು, ಅವಳು ನೋಡಿದ್ದಳು. ನೋಡಿ, ಒಂದು ಮಾತೂ ಆಡದೆ, ನಾಣ್ಯಗಳನ್ನು ಹಿಂದಕ್ಕೆ ತಳ್ಳಿದ್ದಳು. ಮೂವತ್ತೆಂಟು ವರ್ಷದ ಹಿಂದಿನ ಆ ಐಸ್‌ಕ್ಯಾಂಡಿಗೆ ದುಡ್ಡು ಕೊಟ್ಟವಳು ಅವಳೇ. ಓಡಿಹೋಗೋಣ ಎನ್ನಿಸಿತು. ಗ್ರಂಥಾಲಯದ ಹಿಂಬಾಗಿಲಿಗೆ ಹಳೆಯ ಪತ್ರಿಕೆಗಳ ಕಟ್ಟು ಅಡ್ಡ ಇಟ್ಟವನೂ ತಾನೇ ಎಂದು ನೆನಪಾಯಿತು.

ಐದನೆಯ ಫಲಕ ಎಣ್ಣೆ ಗಿರಣಿಯದು. ಅಣ್ಣನ ಮುಖ ಸುಣ್ಣವಾಯಿತು. ಅತ್ತೆ ಯಜಮಾನರ ತಂದೆಯ ಫೋಟೋವನ್ನು ಬಾಗಿ ನೋಡಿ, “ಇವನು! ಎರಡು ಟಿಕೆಟ್ಟು, ಬೇರೆ ಬೇರೆ ಸಾಲು. ದೀಪ ಆರಿದ್ಮೇಲೆ ಒಂದೇ ಸಾಲು,” ಎಂದಳು. ಯಾರೂ ನಗಲಿಲ್ಲ. ಎಲ್ಲರೂ ಯಜಮಾನರ ಕಡೆ ನೋಡಿದರು.

“ಇನ್ನೊಂದು ಟಿಕೆಟ್ ಯಾರಿಗಮ್ಮ?” ಎಂದು ಯಜಮಾನರೇ ಕೇಳಿದರು.

“ಹಸಿರು ಕಲ್ಲಿನ ಉಂಗುರ ಇತ್ತು. ತೆಳ್ಳಗಿನ ಕೈ. ಅಷ್ಟೇ ಗೊತ್ತು.”

ಯಜಮಾನರು ಫೋಟೋದ ಹತ್ತಿರಕ್ಕೆ ಬಂದು, “ನಮ್ಮಮ್ಮಂದು,” ಎಂದರು. “ಮದುವೆಗೆ ಮುಂಚೆ ಇರ್ಬೇಕು. ಇವರಿಬ್ರೂ ಜೊತೇಲಿ ಕೂತು ನಕ್ಕಿದ್ದನ್ನ ನಾನು ನೋಡೇ ಇಲ್ಲ.” ಅದು ನಿಜವೋ, ಮನೆಯ ಮಾನ ಉಳಿಸಲು ಆ ಕ್ಷಣಕ್ಕೆ ಹಿಂಡಿ ತೆಗೆದ ಎಣ್ಣೆಯೋ, ಅವನಿಗೆ ತಿಳಿಯಲಿಲ್ಲ. ಆದರೆ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡದ್ದು ನಿಜ.

ಹೀಗೆ ಅತ್ತೆ ಏಳನೆಯ ಫಲಕದ ಮುಂದೆ ಬಂದು ನಿಂತಳು. “ಅಯ್ಯೋ, ನಮ್ಮಪ್ಪ!” ಎಂದಳು. “ಸ್ವಯಂ ನಿವೃತ್ತಿಯಂತೆ! ಎರಡು ವರ್ಷ ಕಾಗದ ಹಂಚಿದ, ನಾಯಿ ಕಚ್ಚಿದ ದಿನ ಮಿಕ್ಕ ಕಾಗದ ಎಲ್ಲ ಹಾಳುಬಾವಿಗೆ ಹಾಕಿ ಮನೆಗೆ ಬಂದು ಮಲಗಿದ.” ಜನ ನಕ್ಕರು. ಅವಳ ಬೆರಳು ತಾತನಿಂದ ಕೆಳಗಿಳಿಯಿತು: ದೊಡ್ಡಪ್ಪ, ಅಪ್ಪ. ಬಲಕ್ಕೆ ಹೋಯಿತು, ಖಾಲಿ ಕಾಗದದ ಮೇಲೆ ಸ್ವಲ್ಪ ದೂರ ಸರಿಯಿತು, ಮತ್ತೆ ಹಿಂದಕ್ಕೆ ಬಂದು ಫೋಟೋದ ಮೇಲೆ ನಿಂತಿತು. ಗಡಿಯಾರದ ಮನೆಯ ಸೊಸೆ ಮುಗ್ಧವಾಗಿ, “ಆ ಮಗು ಹೆಗಲ ಮೇಲೆ ಇರೋ ಕೈ ಯಾರ್ದು?” ಎಂದಳು.

ಅತ್ತೆ ತನ್ನ ಕೈಯನ್ನು ಆ ಕೈಯ ಪಕ್ಕ ಇಟ್ಟಳು. ಒಂದು ನುಣುಪು, ಒಂದು ಸುಕ್ಕು. ಎರಡರಲ್ಲೂ ಕಿರುಬೆರಳು ಒಂದೇ ಥರ ಹೊರಗೆ ಬಾಗಿತ್ತು.

“ನನ್ನ ಹೆಸರೆಲ್ಲೋ?” ಎಂದು ತಿರುಗಿ ನೋಡದೆ ಕೇಳಿದಳು.

“ಜಾಗ ಇರ್ಲಿಲ್ಲ ಅತ್ತೆ.”

“ಓ. ಹೌಸ್‌ಫುಲ್.”

ಜನ ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಅಣ್ಣ ಗುಂಪು ಸೀಳಿಕೊಂಡು ಬಂದ. “ನಿಮಗೆ ವಯಸ್ಸಾಗಿದೆ, ದಣಿದಿದೀರಿ. ಆಟೋ ಕರೆಸ್ತೀನಿ, ನಡೀರಿ,” ಎಂದವನು ಯಜಮಾನರ ಕಡೆ ತಿರುಗಿ, “ದೂರದ ಸಂಬಂಧ,” ಎಂದ.

“ಯಾರಪ್ಪ ನೀನು?” ಎಂದಳು ಅತ್ತೆ. “ಎಲ್ಲಿ, ಕೈ ತೋರ್ಸು.”

ಅಣ್ಣ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಆ ಜೇಬುಗಳನ್ನು ನೋಡುತ್ತ ನಿಂತಿದ್ದ ಅವನಿಗೆ ನಗು ಬಂತು. ಐವತ್ತೆರಡು ವರ್ಷದಲ್ಲಿ ಅಣ್ಣನನ್ನು ನೋಡಿ ನಗು ಬಂದದ್ದು ಅದೇ ಮೊದಲು, ಮತ್ತು ನಗುವಿನ ಹಿಂದೆಯೇ, ತನ್ನ ಕೈಗಳೂ ಯಾವಾಗಲೋ ಪ್ಯಾಂಟಿನ ಜೇಬು ಸೇರಿವೆ ಎಂಬುದು ಅರಿವಿಗೆ ಬಂತು. ಹೊರಗೆ ತೆಗೆದ. ಮೇಜಿಗೆ ಹೋಗಿ ಪೆನ್ನು ತಂದ. “ಸ್ವಲ್ಪ ಜಾಗ ಬಿಡಿ,” ಎಂದ; ಗ್ರಂಥಾಲಯದಲ್ಲಿ ಅವನ ಮಾತನ್ನು ಜನ ಪಾಲಿಸಿದ್ದೂ ಅದೇ ಮೊದಲು. ಮೊದಲು ಫೋಟೋದ ಅಂಚನ್ನು ಉಗುರಿನಿಂದ ಎಬ್ಬಿಸಿ ಮಡಿಕೆ ಬಿಚ್ಚಿದ. ಮಡಿಕೆ ಬಿಳಿ ಗೆರೆಯಾಗಿ ಉಳಿಯಿತು, ಅದರ ಆಚೆ ಅಲುಗಾಡಿದ ನಗು. ತಾತನಿಂದ ಮೂರನೆಯ ಗೆರೆ ಎಳೆದು, ಚೌಕ ಹಾಕಿ, ಅತ್ತೆಯ ಹೆಸರು ಬರೆದ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಬೆಚ್ಚನೆಯ ಭಾವ ಎದೆಯಲ್ಲಿ ಹರಡಿತು. ಎಲ್ಲರೂ ನೋಡುತ್ತಿದ್ದಾರೆ ಎಂಬುದೂ ಆ ಬಿಸಿಯಲ್ಲಿ ಸೇರಿತ್ತು.

“ಪಕ್ಕದಲ್ಲಿ ನಿನ್ನ ಮಾಮನ್ನೂ ಬರಿ,” ಎಂದಳು ಅತ್ತೆ.

“ಮದುವೆ ಆಗಿರ್ಲಿಲ್ಲ!” ಎಂದ ಅಣ್ಣ. ದೂರದ ಸಂಬಂಧದ ಬಗ್ಗೆ ಅವನಿಗೆ ಇಷ್ಟು ಹತ್ತಿರದ ಮಾಹಿತಿಯಿದೆಯಲ್ಲ ಎಂದು ಯಜಮಾನರು ಹುಬ್ಬೇರಿಸಿದರು. ದಂಪತಿಗಳ ನಡುವೆ ಎರಡು ಗೆರೆ, ಅದಕ್ಕೆ ದಾಖಲೆ ಬೇಕು ಎಂಬ ಪ್ರದರ್ಶನದ ನಿಯಮ ಬರೆದಿದ್ದವನು ಪೆನ್ನು ಹಿಡಿದು ನಿಂತ ಅವನೇ. ಮೇಡಂ ಅವನನ್ನು ನೋಡಿದಳು, ಅವನು ಆಕೆಯನ್ನು.

“ನಲವತ್ತೊಂದು ವರ್ಷ ಒಂದೇ ಮನೇಲಿದ್ವಿ,” ಎಂದಳು ಅತ್ತೆ. “ನಿಮ್ಮ ಕಾನೂನಿಗೆ ಕಷ್ಟ ಆದ್ರೆ ಒಂದೇ ಗೆರೆ ಎಳಿ. ಆದ್ರೆ ಗಟ್ಟಿಯಾಗಿ ಎಳಿ.”

ಅವನು ಎರಡು ಎಳೆದ. ಪಕ್ಕದಲ್ಲಿ ಚೌಕ ಹಾಕಿದ. ಪೆನ್ನು ಚೌಕದೊಳಗೆ ಇಳಿದು, ಕಾಗದ ಮುಟ್ಟಿ, ಅಲ್ಲೇ ನಿಂತಿತು. ಸೈಕಲ್ಲಿನ ಕಂಬಿ ನೆನಪಿತ್ತು, ಕಾರ್ಬನ್ನಿನ ವಾಸನೆ ನೆನಪಿತ್ತು, ಜ್ವರ ಬಂದಾಗ ಹಣೆಯ ಮೇಲೆ ಇಡುತ್ತಿದ್ದ ಅಂಗೈಯ ಸುಟ್ಟ ಕಲೆ ಕೂಡ. ಹೆಸರು ಗೊತ್ತಿರಲಿಲ್ಲ. ಮಾಮ ಎನ್ನುತ್ತಿದ್ದ, ಊರು ಆಪರೇಟರ್ ಎನ್ನುತ್ತಿತ್ತು, ಮನೆಯಲ್ಲಿ ‘ಅವನು’ ಎನ್ನುತ್ತಿದ್ದರು. ಮುನ್ನೂರ ಎಂಬತ್ತು ಹೆಸರು ಬರೆದವನು ಕೇಳಬೇಕೆಂದು ಒಮ್ಮೆಯೂ ಅಂದುಕೊಂಡಿರಲಿಲ್ಲ. ಶಾಯಿ ಚುಕ್ಕೆಯಾಗಿ ಹರಡತೊಡಗಿತು. ಎದೆಯ ಬೆಚ್ಚಗಿನದೆಲ್ಲ ಸೋರಿಹೋಗಿ, ಕಿವಿಗಳು ಮಾತ್ರ ಸುಡುತ್ತಿದ್ದವು.

“ಅತ್ತೆ,” ಎಂದ. “ಮಾಮನ ಹೆಸರೇನು?”

ಇಡೀ ಕೋಣೆಗೆ ಕೇಳಿಸಿತು. ಅತ್ತೆ ಅವನನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ, ನಗುತ್ತಾಳೆ, ಹೊರಟೇ ಹೋಗುತ್ತಾಳೆ ಎಂದು ಅವನು ಮೂರಕ್ಕೂ ಸಿದ್ಧನಾದ. ಅವಳು ಹೆಸರು ಹೇಳಿದಳು, ಅವನಿಗೊಬ್ಬನಿಗಲ್ಲ, ಎಲ್ಲರಿಗೂ ಕೇಳುವ ಹಾಗೆ. ಕಿವಿಯಲ್ಲಿ ರಕ್ತದ ಸದ್ದಿಗೆ ಅವನಿಗೆ ಸರಿಯಾಗಿ ಕೇಳಿಸಲಿಲ್ಲ. “ಇನ್ನೊಂದ್ಸಲ ಹೇಳು ಅತ್ತೆ,” ಎಂದ. ಅವಳು ಇನ್ನೊಂದು ಸಲ ಹೇಳಿದಳು. ಅವನು ಬರೆದ. ಆಮೇಲೆ ಅವಳು ಕುರ್ಚಿಯಲ್ಲಿ ಕುಳಿತು ನೀರು ಕೇಳಿದಳು, ಮತ್ತು ಸಂಜೆ ಬಸ್ಸು ಹತ್ತುವವರೆಗೂ ಅವನೊಂದಿಗೆ ಮಾತಾಡಲಿಲ್ಲ.

ಅಣ್ಣ ಅಂದಿನಿಂದ ಅವನ ಫೋನು ಎತ್ತಲಿಲ್ಲ. ಸಂಬಂಧ ಮುರಿದಿರಬೇಕು, ಒಂದು ಹುಡುಗಿಯ ಬದುಕು ತನ್ನ ಪೆನ್ನಿನಿಂದ ಹಾಳಾಯಿತು ಎಂದು ಅವನು ಎರಡು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಸಂಬಂಧ ಕುದುರಿತ್ತು. ಕರೆಯೋಲೆಗಳು ಊರೆಲ್ಲ ಹೋದವು, ಮೇಡಂಗೂ ಬಂತು, ಅವನಿಗೆ ಮಾತ್ರ ಬರಲಿಲ್ಲ. ಮದುವೆಗೆ ಮೂರು ದಿನವಿರುವಾಗ, ಮಧ್ಯಾಹ್ನ, ಗ್ರಂಥಾಲಯದ ಫೋನು ಹೊಡೆದುಕೊಂಡಿತು.

“ನಾನು ಕಣೋ,” ಎಂದಳು ಅತ್ತೆ. “ಗಿರಣಿಯವರೇ ಬಂದು ಪತ್ರಿಕೆ ಕೊಟ್ಟು ಹೋದ್ರು. ಗಂಡಿನ ಕಡೆಯಿಂದ.”

“ಒಳ್ಳೇದಾಯ್ತು ಅತ್ತೆ. ಹೋಗಿ ಬಾ.”

“ಒಬ್ಬಳೇ ಹೆಂಗೆ ಹೋಗ್ಲಿ? ಸಕುಟುಂಬ ಸಮೇತ ಬನ್ನಿ ಅಂತ ಬರೆದಿದೆ.” ಆ ಕಡೆ ಕೋಲು ನೆಲಕ್ಕೆ ತಟ್ಟಿದ ಸದ್ದು ಕೇಳಿಸಿತು. “ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಬಾ. ಒಳ್ಳೇ ಬಟ್ಟೆ ಹಾಕ್ಕೊಂಡು ಬಾ.”